ತಿಜಾನಿ ಮೇಷ್ಟರ ತಿದ್ದುಪಡಿ

ನನ್ನ ಗಂಡ ತಿಜಾನಿ ನಮ್ಮೂರು ಸ್ಫಾಕ್ಸ್‌ನಲ್ಲಿ ಮೂವತ್ತಾರು ವರ್ಷ ಅರಬ್ಬಿ ವ್ಯಾಕರಣ ಕಲಿಸಿದವರು. ನಿವೃತ್ತರಾದ ಮೇಲೆ ತಿದ್ದಲು ಯಾರೂ ಸಿಗದೆ ತರಕಾರಿ ಅಂಗಡಿಯ ಬೋರ್ಡು ತಿದ್ದುತ್ತಿದ್ದರು. ಅಷ್ಟರಲ್ಲಿ ಮೊಮ್ಮಗಳು ತೈಸೀರ್‌ಗೆ ಮಾತು ಬಂತು. ಇವರಿಗೆ ಹಬ್ಬ.

ಭಾನುವಾರ ಮಗಳು ಫಾತೆನ್ ಅವಳನ್ನು ಕರೆತರುತ್ತಾಳೆ. ಒಂದೇ ದೊಡ್ಡ ತಟ್ಟೆಯಲ್ಲಿ ಹಬೆಯಲ್ಲಿ ಬೆಂದ ಗೋಧಿ ರವೆಯ ಮೀನಿನ ಕುಸ್‌ಕುಸ್, ಸುತ್ತ ನಾವು. ತೈಸೀರ್ ಕೂರುವುದು ಅಜ್ಜನ ಪಕ್ಕ. ಮುಳ್ಳು ಬಿಡಿಸಿದ ಒಳ್ಳೆಯ ತುಂಡೆಲ್ಲ ಅಜ್ಜ ಅವಳ ಕಡೆಗೇ ತಳ್ಳುತ್ತಾರೆ.

"ಅಜ್ಜ, ನಾನು ಮೀನು ತಿನ್ನಿದೆ" ಅಂದಳು ಒಂದು ದಿನ.

"ತಿಂದೆ ಅನ್ನಬೇಕು."

"ಹೂಂ, ತಿನ್ನಿದೆ. ಮುಳ್ಳು ಬೆಕ್ಕಿಗೆ ಕೊಡಿದೆ."

"ಕೊಟ್ಟೆ."

"ನೀನೂ ಕೊಡಿದ್ಯಾ?"

ನನಗೆ ನಗು ತಡೆಯಲಾಗಲಿಲ್ಲ. "ಓಡಿದೆ, ಹಾಡಿದೆ ಅನ್ನೋ ಹಾಗೇ ತಿನ್ನಿದೆ ಅಂತಾಳೆ. ಅವಳ ನಿಯಮ ಸರಿಯಾಗೇ ಇದೆಯಲ್ರೀ. ನಿಮ್ಮ ಭಾಷೆಯದೇ ತಪ್ಪು."

ಅವರಿಗೆ ಸಿಟ್ಟು ಬಂತು. ನಾಲ್ಕು ಭಾನುವಾರ ತುತ್ತಿಗೊಂದು ತಿದ್ದುಪಡಿ. ಐದನೆಯ ಭಾನುವಾರ ತೈಸೀರ್ ಚಮಚ ಎತ್ತಿಕೊಂಡು ನನ್ನ ಪಕ್ಕ ಬಂದು ಕೂತಳು. ಅಜ್ಜ ಏನು ಕೇಳಿದರೂ ತಲೆಯಾಡಿಸುವುದಷ್ಟೇ; ಮಾತೆಲ್ಲ ಬೆಕ್ಕಿನ ಜೊತೆ. ಅಜ್ಜ ಬಿಡಿಸಿಟ್ಟ ಮೀನು ಹಾಗೇ ಆರಿಹೋಯಿತು.

ಮಗಳು ಮೊಮ್ಮಗಳು ಹೊರಟ ಮೇಲೆ ಇವರು ಮೆಲ್ಲಗೆ ಕೇಳಿದರು. "ನಮ್ಮ ಫಾತೆನ್‌ಗೆ ಮಾತು ಯಾರು ಕಲಿಸಿದ್ದು?"

"ಯಾರೂ ಇಲ್ಲ. ನೀವು ಊರ ಮಕ್ಕಳನ್ನ ತಿದ್ದೋಕೆ ಹೋಗಿರ್ತಿದ್ರಿ. ಫಾತೆನ್ ನನ್ನ ಕಾಲಿಗೆ ಅಡ್ಡಡ್ಡ ಓಡಾಡ್ತಾ ತಾನೇ ಕಲಿತಳು. ಚಿಕ್ಕವಳಿದ್ದಾಗ ಅವಳೂ ತಿನ್ನಿದೆ ಅಂತಿದ್ದಳು."

"ಅಂತಿದ್ದಳಾ?" ಆರಿದ ಮೀನಿನ ತಟ್ಟೆ ತಮ್ಮತ್ತ ಎಳೆದುಕೊಂಡರು. "ನಾನು ಕೇಳೇ ಇಲ್ವಲ್ಲೇ."

ಆ ಮುಖ ನೋಡಿ ನನಗೆ ಛೇಡಿಸಲು ಮನಸ್ಸು ಬರಲಿಲ್ಲ.

ಮುಂದಿನ ಭಾನುವಾರ ಮೇಷ್ಟರ ಬಾಯಿಗೆ ಬೀಗ. ತೈಸೀರ್ ಬೆಕ್ಕಿಗೆ ಹೇಳಿದ್ದಕ್ಕೆಲ್ಲ "ಹೌದಾ? ಆಮೇಲೆ?" ಅನ್ನುವುದಷ್ಟೇ. ಮೂರನೆಯ "ಆಮೇಲೆ?"ಗೆ ಚಮಚ ಮತ್ತೆ ಅಜ್ಜನ ಪಕ್ಕ ಸೇರಿತು.

ಚಳಿಗಾಲ ಮುಗಿಯುತ್ತಿತ್ತು. ಒಂದು ಭಾನುವಾರ ತೈಸೀರ್ ಕೆನ್ನೆ ಉಬ್ಬಿಸಿಕೊಂಡು ಅಂದಳು, "ಅಜ್ಜ, ನಿನ್ನ ಪಾಲೂ ನಾನೇ ತಿಂದೆ."

ಫಾತೆನ್ ಚಪ್ಪಾಳೆ ತಟ್ಟಿದಳು. ನನ್ನ ಗಂಡ ಎತ್ತಿದ ತುತ್ತು ಕೆಳಗಿಟ್ಟರು.

"ತಿಂದೆ ಅಲ್ಲ ಪುಟ್ಟಿ," ಅವರ ದನಿ ಒಂದು ಥರ ಇತ್ತು, "ತಿನ್ನಿದೆ ಅನ್ನು. ಇನ್ನೊಂದೇ ಸಲ."

ತೈಸೀರ್ ನನ್ನ ಕಡೆ ತಿರುಗಿದಳು. "ಅಜ್ಜಿ, ಅಜ್ಜನಿಗೆ ಮಾತೇ ಬರಲ್ಲ."

ಆಮೇಲೆ ಎಣ್ಣೆಗೈಯಲ್ಲೇ ಅವರ ಗಲ್ಲ ಹಿಡಿದು ಪಾಠ ಶುರುಮಾಡಿದಳು.