ಖಾಲಿ ಹಾಳೆಯ ಬುಡದ ಸಹಿ

ನನ್ನ ಅಕ್ಷರ ದುಂಡಗಿದೆ. ಈಚೆಗೆ ಅದೇ ನನಗೊಂದು ಅಳುಕು; ಡೈರಿಗೆ ಬಿಟ್ಟು ಯಾರಿಗೂ ಹೇಳಿಲ್ಲ. ದುಂಡಗೆ ಬರೆದದ್ದನ್ನು ಯಾರೂ ಅನುಮಾನಿಸುವುದಿಲ್ಲ.

ಆ ಅಕ್ಷರ ನೋಡಿಯೇ ಸಾಹೇಬರು ನನ್ನ ಕೈಗೆ ನಡಾವಳಿ ಪುಸ್ತಕ ಕೊಟ್ಟಿದ್ದು. ನಮ್ಮ ಕಚೇರಿಯಲ್ಲೊಂದು ರೂಢಿ: ಸಮಿತಿಯ ಸದಸ್ಯರು ಬರುತ್ತಲೇ ಖಾಲಿ ಹಾಳೆಯ ಬುಡದಲ್ಲಿ ಸಹಿ ಹಾಕಿ ಚಹಾಕ್ಕೆ ಕೂರುತ್ತಾರೆ. ಸಭೆಯಲ್ಲಿ ನಡೆದದ್ದನ್ನು ಸಂಜೆ ನಾನು ಮೇಲಿನ ಜಾಗದಲ್ಲಿ ತುಂಬುತ್ತೇನೆ. ನಡೆದದ್ದನ್ನು, ಅಂದರೆ ಸಾಹೇಬರು ಹೇಳಿದ್ದನ್ನು.

ಲಿಂಗತ್ವ ಅಲ್ಪಸಂಖ್ಯಾತರಿಗೆ ಗುರುತಿನ ಚೀಟಿ ಕೊಡುವ ನಿಯಮ ಮಾಡಲೆಂದು ಆದ ಸಮಿತಿ ಇದು. ಮೊದಲ ಬಾರಿಗೆ ಅವರಲ್ಲೊಬ್ಬರು ಸದಸ್ಯೆ. ಎಲ್ಲರೂ ಟೈಲರಕ್ಕ ಎನ್ನುತ್ತಾರೆ. ಕೊರಳಲ್ಲಿನ ಅಳತೆಪಟ್ಟಿ ತೆಗೆಯಲು ಮರೆತೇ ಸಭೆಗೆ ಬರುತ್ತಾರೆ. ಹೋದ ಸಭೆಯಲ್ಲಿ ಅವರು, "ನಾನು ಯಾರು ಅಂತ ನಂಗೊತ್ತು. ಡಾಕ್ಟರ ಮುಂದೆ ಬಟ್ಟೆ ಬಿಚ್ಚಿ ಸಾಬೀತು ಮಾಡೋ ನಿಯಮ ಬೇಡ" ಎಂದಿದ್ದರು. ಸಂಜೆ ಸಾಹೇಬರು ಬರೆಸಿದ್ದೇ ಬೇರೆ: ವೈದ್ಯರ ಪ್ರಮಾಣಪತ್ರ ಕಡ್ಡಾಯ, ಸದಸ್ಯೆಯ ಒಪ್ಪಿಗೆ ಇದೆ. ನಾನು ದುಂಡಗೆ ಬರೆದೆ.

ಇಂದಿನ ಸಭೆ ಅದನ್ನು ಒಪ್ಪಿದರೆ ನಿಯಮ ಮೇಲಿನ ಕಚೇರಿಗೆ ಹೋಗುತ್ತದೆ.

ಟೈಲರಕ್ಕ ಬಂದವರೇ ಖಾಲಿ ಹಾಳೆಯನ್ನು ನೋಡಿದರು, ಆಮೇಲೆ ನನ್ನನ್ನು. ನಾನು ಪೆನ್ನಿನ ಮುಚ್ಚಳ ಹುಡುಕತೊಡಗಿದೆ; ಅದು ನನ್ನ ಕೈಯಲ್ಲೇ ಇತ್ತು.

"ಇದ್ರಲ್ಲಿ ಏನೂ ಇಲ್ವಲ್ಲ ಸಾರ್."

"ಆಮೇಲೆ ಬರೀತಾರಮ್ಮ. ಇಲ್ಲಿ ಎಲ್ರೂ ಹೀಗೇ ಹಾಕೋದು," ಎಂದರು ಸಾಹೇಬರು.

"ಹೋದ್ಸಲ ನಾನೂ ಹಾಕ್ದೆ. ಆವತ್ತಿಂದ ಮನಸ್ಸು ಕೊರೀತಿದೆ. ಅಳತೆ ಬರ್ಕೊಳ್ದೆ ಬಟ್ಟೆಗೆ ಕತ್ತರಿ ಹಾಕಿದ್ರೆ ನನ್ನ ಗಿರಾಕಿಗಳು ಸುಮ್ನೆ ಬಿಡ್ತಾರಾ?"

ಯಾರೋ ನಕ್ಕರು. ಸಾಹೇಬರೂ ನಕ್ಕರು, ಕಣ್ಣು ಮಾತ್ರ ನನ್ನ ಮೇಲಿತ್ತು.

"ಹೋದ ಸಲದ್ದು ಓದು ತಂಗಿ," ಎಂದರು ಟೈಲರಕ್ಕ.

"ಓದಿದ್ದಾಯ್ತು ಅಂತ ಇಟ್ಕೊಳ್ಳೋಣ," ಎಂದರು ಸಾಹೇಬರು.

"ನನ್ನ ಕಿವಿಗೆ ಬಿದ್ದಿಲ್ವಲ್ಲ." ಟೈಲರಕ್ಕ ನನ್ನತ್ತ ತಿರುಗಿದರು. "ನೀನೂ ಅವರ ಕಡೆಯೋಳೇ ಏನೋ, ಯಾರಿಗ್ಗೊತ್ತು. ಆದ್ರೂ ಓದು."

ಓದಿದೆ. 'ಒಪ್ಪಿಗೆ ಇದೆ' ಎಂಬುದನ್ನು ಹಾಳೆಯಿಂದ ತಲೆಯೆತ್ತದೆ ಓದಿದೆ.

"ನಾನು ಒಪ್ಪಿದ್ನಾ?"

"ಕೆಳಗೆ ನಿಮ್ದೇ ಸಹಿ ಇದೆ ನೋಡಿ," ಎಂದರು ಸಾಹೇಬರು, ಮಗುವಿಗೆ ಹೇಳುವ ಹಾಗೆ. ಉಳಿದ ಸದಸ್ಯರು ಚಹಾದ ಲೋಟದೊಳಗೆ ಏನನ್ನೋ ಹುಡುಕುತ್ತಿದ್ದರು.

ಟೈಲರಕ್ಕ ತಮ್ಮ ಸಹಿಯ ಮೇಲೆ ಬೆರಳಿಟ್ಟರು. ಅದು ಬೇರೆ ಯಾರದ್ದೋ ಎಂಬಂತೆ ನೋಡಿದರು. ಕೊರಳ ಅಳತೆಪಟ್ಟಿಯನ್ನು ಮೆಲ್ಲಗೆ ತೆಗೆದು ಕೈಗೆ ಸುತ್ತಿಕೊಳ್ಳತೊಡಗಿದರು, ಎದ್ದು ಹೋಗುವವರ ಹಾಗೆ.

"ಅವರು ಬೇಡ ಅಂದ್ರು," ಎಂದೆ. ಆ ದನಿ ನನ್ನದೆಂದು ತಿಳಿಯಲು ನನಗೇ ಒಂದು ಗಳಿಗೆ ಬೇಕಾಯಿತು. "ಒಪ್ಪಿದ್ರು ಅಂತ ಬರೆದದ್ದು ನಾನು."