ನಾಲ್ಕು ಕೊಂಬಿನ ಬುರುಡೆ

ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ನೆಂಟರೆಲ್ಲ ಹೊರಟುಹೋದರು. ಮರುದಿನ ಬೆಳಿಗ್ಗೆ ಹಾಲಿನ ಗಾದ್ರಮ್ಮ ಅರ್ಧ ಲೀಟರಿನ ಬದಲು ಕಾಲು ಲೀಟರ್ ಹಾಕಿದಳು. ನಾನು ಹೇಳಿರಲಿಲ್ಲ.

ಹಾಲು ಒಲೆಯ ಮೇಲಿಡುವಷ್ಟರಲ್ಲಿ ಬಾಗಿಲಲ್ಲಿ ತಿಪ್ಪೇಶಪ್ಪ ನಿಂತಿದ್ದ. ಕಾಡಂಚಿನಲ್ಲಿ ಮೆಕ್ಕೆಜೋಳ ಬೆಳೆಯುವ ಮುದುಕ.

"ಬ್ಯಾಸರ ಮಾಡ್ಕೋಬ್ಯಾಡ್ರವ್ವ. ಮೇಷ್ಟ್ರು ನಮ್ಮ ಬುರುಡೆ ಒಯ್ದಿದ್ರು. ಕೊಟ್ಟಿಗೆ ಬಾಗ್ಲು ಬರಿದಾಗೈತೆ. ಎಮ್ಮೆಗೆ ದೃಷ್ಟಿ ಆದಂಗೈತೆ."

"ಶಾಲೇಲಿದೆ. ತಂದುಕೊಡ್ತೀನಿ."

"ಅರ್ಜೆಂಟೇನಿಲ್ಲ" ಎಂದ. ಮೆಟ್ಟಿಲಿಳಿದು ತಿರುಗಿ ನೋಡಿದ. "ಸಂಜೆ ಒಳಗಾದ್ರೆ ಒಳ್ಳೇದು."

ಅದು ಕೊಂಡುಕುರಿ ಎಂಬ ಕಾಡು ಹುಲ್ಲೆಯ ಬುರುಡೆ. ಮುಂದೆ ಎರಡು ಗಿಡ್ಡ ಕೊಂಬು, ಹಿಂದೆ ಎರಡು ಉದ್ದ. ತಿಪ್ಪೇಶಪ್ಪನ ಅಪ್ಪ ಹೊಡೆದದ್ದು. ಜಗಳೂರಿನ ಈ ಕುರುಚಲು ಕಾಡಿನಲ್ಲಿ ಈಗ ಕೊಂಡುಕುರಿಗಳು ಕೆಲವೇ ಉಳಿದಿವೆ. ಊರ ಶಾಲೆಯಲ್ಲಿ ಮೇಷ್ಟ್ರಾಗಿದ್ದ ನನ್ನ ಗಂಡ ಕೆಂಚೇಶ್, ಎರಡನೇ ತರಗತಿಯ ಮಕ್ಕಳಿಗೆ ಅವುಗಳ ಪರಿಚಯ ಮಾಡಿಸಲು ಬುರುಡೆಯನ್ನು ಎರವಲು ತಂದಿದ್ದ. ಪ್ರಾಣಿಶಾಸ್ತ್ರ ಓದಿದವಳು ನಾನು. ಪಾಠ ಬರೆದುಕೊಟ್ಟವಳೂ ನಾನೇ. ಕೊಂಡುಕುರಿ ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ ಎಂದು ಬರೆದಿದ್ದೆ. ಅವನು ಮಕ್ಕಳನ್ನು ಕರೆದೊಯ್ದು ಆ ಜಾಗ ತೋರಿಸಿದ್ದ. ಪಾಠದ ಕೊನೆಯ ಸಾಲು: "ಇಂದು ಕಲಿತದ್ದನ್ನೆಲ್ಲ ಮನೆಯಲ್ಲಿ ಹೇಳಿ ಬನ್ನಿ."

ಮಕ್ಕಳಿಂದ ದೊಡ್ಡವರು ಕಲಿಯುತ್ತಾರೆ ಎಂದುಕೊಂಡಿದ್ದೆವು.

ಆ ಪಾಠವಾದ ಮೂರನೆಯ ದಿನ ನಸುಕಿನಲ್ಲಿ, ತರಗತಿಗೆ ಹೊಸ ಹಿಕ್ಕೆ ಆರಿಸಿ ತರಲು ಕೆಂಚೇಶ್ ಅಲ್ಲಿಗೆ ಹೋದ. ಪಂಪ್‌ಸೆಟ್ಟಿನ ಲೈನಿನಿಂದ ಯಾರೋ ಕರೆಂಟು ಎಳೆದು ತಂತಿ ಹಾಸಿದ್ದರು. ಅವನ ಪಕ್ಕದಲ್ಲಿ ಒಂದು ಹೆಣ್ಣು ಕೊಂಡುಕುರಿಯೂ ಬಿದ್ದಿತ್ತು. ಅದನ್ನು ಅರಣ್ಯ ಇಲಾಖೆಯ ಜೀಪಿನಲ್ಲಿ ಒಯ್ದರು, ಅವನನ್ನು ಟ್ರ್ಯಾಕ್ಟರಿನಲ್ಲಿ. ತಂತಿ ಯಾರದೆಂದು ಪತ್ತೆಯಾಗಲಿಲ್ಲ. ಹಂದಿಗೆ ಇಟ್ಟಿರಬೇಕು ಎಂದರು.

ಮಧ್ಯಾಹ್ನ ಶಾಲೆಗೆ ಹೋಗಿ ಬುರುಡೆಯನ್ನು ಚೀಲಕ್ಕೆ ಹಾಕಿಕೊಂಡೆ. ಗಂಟೆ ಹೊಡೆಯಿತು. ತಿಪ್ಪೇಶಪ್ಪನ ಮೊಮ್ಮಗಳು ದುರ್ಗಾಂಬಿಕಾ ಜೊತೆಗೆ ನಡೆದಳು. ಏಳು ವರ್ಷ. ಮುಂದಿನ ಹಲ್ಲು ಬಿದ್ದಿತ್ತು.

"ಅಕ್ಕಾ, ಹೋಂವರ್ಕ್ ಮಾಡಿದ್ದು ನಾನೊಬ್ಳೇ. ಮೇಷ್ಟ್ರು ಕೈಮೇಲೆ ಸ್ಟಾರ್ ಹಾಕಿದ್ರು."

"ಯಾವ ಹೋಂವರ್ಕು?"

"ಮನೇಲಿ ಹೇಳಾದು. ಕೊಂಡುಕುರಿ ಎಲ್ಲಿಗೆ ಬರ್ತೈತೆ ಅಂತ ಅಜ್ಜಂಗೆ ಹೇಳ್ದೆ. ಅಜ್ಜ ಎಲ್ಡು ಸಲ ಹೇಳಿಸ್ಕೊಂಡ."

ತಾನು ಹೇಳಿದ್ದೇನೆಂದು ಅವಳಿಗೆ ತಿಳಿದಿರಲಿಲ್ಲ. ತಿಳಿಯದೆಯೇ ಬೆಳೆಯಬಹುದಿತ್ತು. ದಾರಿಯುದ್ದಕ್ಕೂ ನಾನು ಅದನ್ನೇ ಯೋಚಿಸಿದೆ.

ತಿಪ್ಪೇಶಪ್ಪ ಅಂಗಳದಲ್ಲಿ ಮಣೆ ಹಾಕಿದ. "ಕೂತ್ಕೊಳ್ರವ್ವ. ಏ ದುರ್ಗಾ, ನೀರು ತಗಂಬಾ."

"ನೀರು ಬೇಡ" ಎಂದೆ. ಬುರುಡೆಯನ್ನು ತೆಗೆದು ಕೈಯಲ್ಲೇ ಹಿಡಿದುಕೊಂಡೆ. "ದುರ್ಗಾ, ಅಜ್ಜನ ಮುಂದೆ ಪಾಠ ಹೇಳು."

ಅವಳು ಕೈಕಟ್ಟಿ ನೆಟ್ಟಗೆ ನಿಂತಳು. "ಕೊಂಡುಕುರಿಗೆ ನಾಲ್ಕು ಕೊಂಬು. ಗಂಡಿಗೆ ಮಾತ್ರ. ಎಲ್ಲಾ ಸತ್ತೋದ್ರೆ ಮತ್ತೆ ಹುಟ್ಟಲ್ಲ. ಅದಕ್ಕೇ ಕಾಪಾಡಬೇಕು."

"ಶಾಣ್ಯಾ ಐತೆ ನೋಡ್ರಿ ನಮ್ಮ ಕೂಸು" ಎಂದು ಮುದುಕ ನಕ್ಕ.

"ಅದು ಎಲ್ಲಿಗೆ ಬರ್ತಿತ್ತು ದುರ್ಗಾ?"

"ಬಂಡೆ ಹಿಂದ್ಲ ಕಾರೆ ಗಿಡದ ಬುಡಕ್ಕೆ."

"ಯಾರಿಗೆ ಹೇಳಿದೆ?"

"ಅಜ್ಜಂಗೆ."

ಅವನ ನಗು ನಿಂತಿತು.

"ಮೇಷ್ಟ್ರು ಎಲ್ಲಿ ಬಿದ್ದಿದ್ರು?"

"ಯವ್ವಾ, ಬ್ಯಾಡ್ರಿ" ಎಂದ ತಿಪ್ಪೇಶಪ್ಪ. "ನಾನಿಟ್ಟಿದ್ದು ಕುರಿಗೆ, ಅವರಿಗಲ್ಲ. ಪೊಲೀಸ್ರಿಗೆ ಹೇಳ್ರಿ, ನಾನೇ ಬರ್ತೀನಿ. ಕೂಸು ಅದು, ಅದರ ಮುಂದೆ ಬ್ಯಾಡ. ನಿಮ್ಮ ಕಾಲಿಗೆ ಬೀಳ್ತೀನಿ."

ಬಿಡಬಹುದಿತ್ತು. ಪಾಠದ ಕೊನೆಯ ಸಾಲು ನನ್ನದೇ ಎಂಬುದು ನನಗೆ ಗೊತ್ತಿತ್ತು.

"ಎಲ್ಲಿ ಬಿದ್ದಿದ್ರು, ದುರ್ಗಾ?"

"ಕಾರೆ ಗಿಡದ..." ಎಂದವಳು ನಿಲ್ಲಿಸಿದಳು. ಅಜ್ಜನ ಮುಖ ನೋಡಿದಳು. ಆಮೇಲೆ ಸ್ಟಾರ್ ಹಾಕಿಸಿಕೊಂಡ ಕೈ ನೋಡಿಕೊಂಡಳು. ಏಳು ವರ್ಷದ ಮಗುವಿಗೆ ಅರ್ಥವಾಗಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಾನು ಕಾದೆ.

ಕೈಯನ್ನು ಲಂಗಕ್ಕೆ ಉಜ್ಜತೊಡಗಿದಳು.

ನಾನು ಕೊಟ್ಟಿಗೆಯ ಬಾಗಿಲಿಗೆ ಹೋದೆ. ಮೊಳೆ ಇನ್ನೂ ಇತ್ತು. ಬುರುಡೆಯನ್ನು ಸಿಕ್ಕಿಸಿದೆ. ಸ್ವಲ್ಪ ವಾಲಿತು. ಸರಿಮಾಡಿದೆ.