ಎತ್ತರದ ಸೀಟು

"ಬರ್ಲಿ, ಬರ್ಲಿ... ಒಂಚೂರು ಎಡಕ್ಕ... ಸಾಕು, ನಿಲ್ಲಸ್ರಿ!"

ಶಿವಗಂಗಾಳ ಅಂಗೈ ಗಾಳಿಯಲ್ಲಿ ನಿಂತಿತು. ಜೊತೆಗೇ ಫೋರ್ಕ್‌ಲಿಫ್ಟೂ ನಿಂತಿತು. ಅದರ ಕಬ್ಬಿಣದ ತೋಳುಗಳ ಮೇಲೆ ಆಳೆತ್ತರಕ್ಕೆ ಪೆಟ್ಟಿಗೆಗಳು. ಅವುಗಳ ಹಿಂದೆ ಕೂತ ಹನುಮೇಶನಿಗೆ ಮುಂದಿನದೇನೂ ಕಾಣದು. ಬೊಮ್ಮಸಂದ್ರದ ಆ ಪಂಪ್ ಕಾರ್ಖಾನೆಯ ಗೋದಾಮಿನಲ್ಲಿ ಶಿವಗಂಗಾಳ ಕೈಯೇ ಅವನ ಕಣ್ಣು. ಪ್ಯಾಕಿಂಗ್ ಕೆಲಸದ ನಡುವೆ ಎದ್ದು ಬಂದು, ಹಿಂದಕ್ಕೆ ಹೆಜ್ಜೆ ಹಾಕುತ್ತ, ದನವನ್ನು ಕೊಟ್ಟಿಗೆಗೆ ಕರೆದಂತೆ ಆ ಯಂತ್ರವನ್ನು ಕರೆದು ನಿಲ್ಲಿಸುವುದು ವರ್ಷಗಳಿಂದ ಅವಳ ಪಾಲಿನ ಕೆಲಸ.

ಬರುವ ತಿಂಗಳು ಹನುಮೇಶ ಹೊಸ ಯೂನಿಟ್ಟಿಗೆ ಹೋಗುವವನಿದ್ದ. ಅವನ ಸೀಟಿಗೆ ಈ ಸಲ ಹೆಂಗಸೊಬ್ಬಳನ್ನು ತಯಾರು ಮಾಡುವುದೆಂದು ಕಂಪನಿ ತೀರ್ಮಾನಿಸಿತ್ತು. ಸೂಪರ್‌ವೈಸರ್ ಪದ್ಮಾವತಿ ನೇರ ಇವಳ ಬಳಿಗೇ ಬಂದರು.

"ಶಿವಗಂಗಾ, ನಿನ್ ಹೆಸರು ಕೊಡ್ಲೇನಮ್ಮ?"

"ನಂದ್ಯಾಕ್ರಿ ಮೇಡಂ? ಕಾವ್ಯಾ ಅದಾಳಲ್ಲ, ಚುರುಕ ಹುಡುಗಿ. ಅಕೀನ ಕೇಳ್ರಿ."

ಪಕ್ಕದಲ್ಲಿ ಲೇಬಲ್ ಅಂಟಿಸುತ್ತಿದ್ದ ಆನೇಕಲ್ಲಿನ ಹುಡುಗಿ ಕಾವ್ಯಾ ತಲೆಯೆತ್ತಿದಳು. "ಸುಮ್ನಿರಿ ಅಕ್ಕ! ಹೋದ್ಸಲ ಲೈನ್ ಲೀಡರ್ ಆಗಿ ಅಂದಾಗ್ಲೂ ನನ್ನೇ ಮುಂದೆ ತಳ್ಳಿದ್ರಿ. ನಾನೇನ್ ನಿಮ್ಮನೆ ದೇವ್ರಾ, ಬಂದಿದ್ದೆಲ್ಲ ನಂಗೇ ಎಡೆ ಇಡೋಕೆ?"

ಎಲ್ಲರೂ ನಕ್ಕರು. ಶಿವಗಂಗಾಳೂ ನಕ್ಕಳು. ಆದರೆ ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು.

"ನಾಳೆ ಬೆಳಿಗ್ಗೆ ನಾನು ಹೆಸರು ಹೇಳ್ಬೇಕು," ಎಂದರು ಪದ್ಮಾವತಿ. "ಯಾರೂ ಇಲ್ಲಾಂದ್ರೆ ಮತ್ತೆ ಗಂಡಸರನ್ನೇ ಕೂರಿಸ್ತಾರೆ. ಆಮೇಲೆ ನನ್ನ ಬೈಕೋಬೇಡಿ."

ಊಟದ ಬಿಡುವಿನಲ್ಲಿ ಹನುಮೇಶ ಯಂತ್ರ ಆರಿಸಿ ಕೆಳಗಿಳಿದ. "ಹತ್ರೀ ಅಕ್ಕಾರ, ಬರೇ ಕುಂತ ನೋಡ್ರಿ. ಕೀಲಿ ನನ್ನ ಕಿಸೇದಾಗ ಐತಿ. ನಿಮ್ಮನ್ನ ಹೊತ್ಕೊಂಡ ಅದೇನ ಓಡಿ ಹೋಗೂದಿಲ್ಲ."

ಅಂಜುತ್ತಲೇ ಹತ್ತಿದಳು. ಸೀಟು ಇನ್ನೂ ಬೆಚ್ಚಗಿತ್ತು. ಮೇಲಿನಿಂದ ನೋಡಿದರೆ ಅದು ಬೇರೆಯದೇ ಗೋದಾಮು. ಕೆಳಗೆ ಕೂತು ಉಣ್ಣುತ್ತಿದ್ದ ಹೆಂಗಸರ ಬೈತಲೆಗಳು ಕಂಡವು, ಇಷ್ಟು ದಿನ ತಾನು ಹಿಂದು ಹಿಂದಕ್ಕೆ ನಡೆದ ದಾರಿ ಉದ್ದಕ್ಕೆ ಕಂಡಿತು. ಕೈ ತಾನಾಗಿ ಸ್ಟೀರಿಂಗ್ ಮೇಲೆ ಹೋಗಿ ಕೂತಿತು. ಅಯ್ಯ, ಇಷ್ಟೇನಾ ಅನ್ನಿಸಿತು. ಹೆದರಿಕೆ ಎಲ್ಲಿ ಹೋಯಿತೆಂದು ಅವಳು ಹುಡುಕಬೇಕಾಯಿತು.

ಅಷ್ಟರಲ್ಲಿ ಬಾಗಿಲಲ್ಲಿ ಕಾಡಪ್ಪ ಕಾಣಿಸಿಕೊಂಡ. ಅವಳ ಗಂಡನ ಊರಿನವನೇ, ವರಸೆಯಲ್ಲಿ ಮಾವ. ಇಲ್ಲಿ ಲೋಡಿಂಗ್ ಕೆಲಸ. ಶಿವಗಂಗಾ ಎದ್ದದ್ದು ಯಾವಾಗಲೋ, ಹಾರಿದ್ದು ಯಾವಾಗಲೋ. ಬೂಟು ಮೆಟ್ಟಿಲಿಗೆ ಸಿಕ್ಕಿ ಅಂಗೈ ನೆಲಕ್ಕೆ ಉಜ್ಜಿತು.

"ಏನಕ್ಕ, ಹಾವು ಬಂತಾ?" ಕಾವ್ಯಾ ಓಡಿಬಂದಳು.

ಕಾಡಪ್ಪ ಇತ್ತ ನೋಡಲೂ ಇಲ್ಲ. ಬಾಟಲಿಗೆ ನೀರು ತುಂಬಿಸಿಕೊಂಡು ಹೊರಟುಹೋದ.

ಸಂಜೆ ಬಸ್ಸಿನಲ್ಲಿ ಕಂಬ ಹಿಡಿದು ನಿಂತಾಗ ತರಚಿದ ಅಂಗೈ ಉರಿಯುತ್ತಿತ್ತು. ತನಗಿರುವುದು ಯಂತ್ರದ ಭಯ ಎಂದುಕೊಂಡಿದ್ದಳು. ಅಲ್ಲ. ಲಿಂಗಸುಗೂರಿನ ಕಡೆಯ ಆ ಊರಿಗೆ ಸೊಸೆಯಾಗಿ ಹೋದ ಹೊಸತರಲ್ಲೇ ಅತ್ತೆ ಕಲಿಸಿದ್ದಳು: ಹಿರಿಯರು ಓಣಿಯಲ್ಲಿ ಬಂದರೆ ಹೆಂಗಸು ಕಟ್ಟೆಯ ಮೇಲೆ ಕೂತಿರಬಾರದು. ಇಳಿದು, ಸೆರಗು ಸರಿಮಾಡಿ, ಗೋಡೆಗೆ ಒತ್ತಿ ನಿಲ್ಲಬೇಕು. ಊರು ಬಿಟ್ಟು ಬರುವಾಗ ಪಾತ್ರೆಗಂಟಿನ ಜೊತೆ ಅದೂ ಬಂದಿತ್ತು. ಇಲ್ಲಿ ಮ್ಯಾನೇಜರ್ ಬಂದರೂ ಬೆಂಚಿನಿಂದ ಏಳುತ್ತಾಳೆ, ವಾಚ್‌ಮನ್ ಬಂದರೂ ಏಳುತ್ತಾಳೆ. ಕಾವ್ಯಾಳನ್ನು ಮುಂದೆ ಮಾಡಿದ್ದನ್ನು ತನ್ನ ದೊಡ್ಡ ಗುಣವೆಂದು ತಿಳಿದಿದ್ದಳಲ್ಲ, ಅದೂ ಇದೇ. ಒಳ್ಳೆಯದೊಂದು ಎದುರಿಗೆ ಬಂದೊಡನೆ ಎದ್ದು ಗೋಡೆಗೆ ಒತ್ತಿ ನಿಲ್ಲುವುದು.

ಬಸ್ಸಿಳಿದು ಮನೆಗೆ ಬಂದು, ಸಾಲುಮನೆಯ ಹೊಸ್ತಿಲ ಮುಂದಿನ ಕಟ್ಟೆಯ ಮೇಲೆ ಬುಟ್ಟಿ ಇಟ್ಟುಕೊಂಡು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಾಗ ಚಪ್ಪಲಿಯ ಪರಿಚಿತ ಸದ್ದು ಕೇಳಿತು. ಕೊನೆಯ ಕೋಣೆಯ ಕಾಡಪ್ಪ, ಕೈಯಲ್ಲಿ ಕೊಡ. ಅವಳ ಕಾಲುಗಳು ಹೇಳದೆ ಕೇಳದೆ ಏಳಲು ಹೊರಟವು. ಬುಟ್ಟಿಯನ್ನು ತೊಡೆಗೆ ಒತ್ತಿ ಹಿಡಿದಳು. ದಾರಿ ಬಿಡಲು ಮೊಣಕಾಲನ್ನಷ್ಟೇ ಪಕ್ಕಕ್ಕೆ ಸರಿಸಿದಳು.

"ನೀರ ಬಂದಾವೇನವಾ?"

"ಬಂದಾವ್ರೀ ಮಾವಾ. ಸಣ್ಣಗ ಬರಾಕತ್ಯಾವ."

"ಹಾಂಗಾದ್ರ ಲಗೂ ಹೋಗಬೇಕು. ಇಲ್ಲಂದ್ರ ಆ ಬಾಜೂ ಮನಿ ಮುನಿಯಕ್ಕ ನಳಕ್ಕ ಡ್ರಮ್ಮ ಹಚ್ಚಿಬಿಡ್ತಾಳ," ಎಂದು ನಗುತ್ತ ಅವನು ನಳದತ್ತ ಹೋದ.

ಅಷ್ಟೇ. ಅವಳು ಕೂತದ್ದನ್ನು ಅವನು ಗಮನಿಸಿದಂತೆಯೂ ಇರಲಿಲ್ಲ.

ಒಳಗಿನಿಂದ ಗಂಡ ಬಸು ಕೂಗಿದ. "ಯಾರ ಜೋಡಿ ಮಾತಾಡಾಕತ್ತಿ?"

"ಕಾಡಪ್ಪ ಮಾವಾರು. ನೀರ ಬಂದಾವೇನಂತ ಕೇಳಿದ್ರು."

ನಾಳೆ ಪದ್ಮಾವತಿ ಮೇಡಂ ಬಾಯಿ ತೆರೆಯುವ ಮೊದಲೇ ಯಾರ ಹೆಸರು ಹೇಳಬೇಕೆಂಬುದು ಅವಳಿಗೆ ಗೊತ್ತಿತ್ತು. ನಳದಿಂದ ಕಾಡಪ್ಪ ತುಂಬಿದ ಕೊಡ ಹೊತ್ತು ಹಿಂದಿರುಗಿದ. ಶಿವಗಂಗಾ ಇನ್ನೊಂದು ಕಟ್ಟು ಸೊಪ್ಪು ಬಿಚ್ಚಿಕೊಂಡು ಅಲ್ಲೇ ಕೂತಿದ್ದಳು.